ನರ್ಸರಿಯವರ ಸ್ವಂತ ನಿಧಿ: ಗಿಡ ಎಣಿಸಬೇಡಿ, ಕವರ್ ಎಣಿಸಿ

ಕಾಫಿಗೆ ಮಂಡಳಿ ಇದೆ, ಸಂಬಾರ ಬೆಳೆಗಳಿಗೆ ಮಂಡಳಿ ಇದೆ. ಸಸಿ ಬೆಳೆಸುವವರಿಗೆಂದೇ ಒಂದು ಇಲ್ಲ. ಒಂದು ಜಿಲ್ಲೆಯ ನಲವತ್ತು ಐವತ್ತು ನರ್ಸರಿಗಳು ಸೇರಿ ಕೈಯಿಂದಲೇ ವಂತಿಗೆ ಹಾಕಿಕೊಂಡು ಸಸಿಗಳ ರೋಗ ಪರೀಕ್ಷೆ, ತರಬೇತಿ, ತಳಿ ಪ್ರಯೋಗಗಳಿಗೆ ನಿಧಿ ಕಟ್ಟಬಹುದು. ಕಷ್ಟವಿರುವುದು ನೋಂದಣಿಯಲ್ಲಲ್ಲ, ದುಡ್ಡು ಯಾವ ಜಾಗದಲ್ಲಿ ಕೈಗೆ ಸಿಗುತ್ತದೆ ಎಂಬುದರಲ್ಲಿ.

ಮೊದಲು ಒಂದು ಮಿತಿ ತಿಳಿದಿರಲಿ. ಕ್ಯಾಲಿಫೋರ್ನಿಯಾದಲ್ಲಿ ಬೆಳೆಗಾರರ ಆಯೋಗಗಳು ಕಾನೂನಿನ ಬಲದಿಂದ ಕಡ್ಡಾಯವಾಗಿ ವಂತಿಗೆ ಎತ್ತುತ್ತವೆ. ನಮ್ಮಲ್ಲಿ ಸಂವಿಧಾನದ 265ನೇ ವಿಧಿಯಂತೆ ಕಾನೂನಿಲ್ಲದೆ ಯಾವ ತೆರಿಗೆಯನ್ನೂ ವಿಧಿಸುವಂತಿಲ್ಲ. ಹಾಗಾಗಿ ಸಂಘವೊಂದು ಎತ್ತುವುದು ತೆರಿಗೆಯಲ್ಲ, ಬೈಲಾಕ್ಕೆ, ಅಂದರೆ ಸಂಘದ ನಿಯಮಾವಳಿಗೆ, ಸಹಿ ಹಾಕಿದವರು ಒಪ್ಪಿ ಕೊಡುವ ವಂತಿಗೆ. ರಸೀದಿ, ನೋಟಿಸು, ಠರಾವು ಎಲ್ಲದರಲ್ಲೂ ‘ವಂತಿಗೆ’ ಎಂದೇ ಬರೆಯಿರಿ. ‘ಸೆಸ್’ ಎಂಬ ಪದ ಎಲ್ಲೂ ಬೇಡ.

ನೋಂದಣಿಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960 ಸಾಕು. ಏಳು ಜನ ಬೇಕು, ಉದ್ದೇಶಪತ್ರ ಮತ್ತು ಬೈಲಾ ಬೇಕು. ಲಾಭ ಹಂಚುವಂತಿಲ್ಲ, ಹಂಚುವ ಯೋಚನೆಯೂ ಇಲ್ಲಿಲ್ಲ. ಸಸಿ ಮಾರಾಟವನ್ನೇ ಒಟ್ಟಾಗಿ ಮಾಡಬೇಕೆಂದಿದ್ದರೆ ಉತ್ಪಾದಕರ ಕಂಪನಿಯೇ ಸರಿ, ಅದಕ್ಕೆ ಕನಿಷ್ಠ ಹತ್ತು ಬೆಳೆಗಾರರು ಬೇಕು. ಎರಡು ಕೆಲಸವನ್ನೂ ಒಂದೇ ಸಂಸ್ಥೆಗೆ ಹೊರಿಸಿದರೆ ವ್ಯಾಪಾರದ ನಷ್ಟ ನಿಧಿಯನ್ನು ನುಂಗುತ್ತದೆ. ವಾರ್ಷಿಕ ಸಭೆ ಮುಗಿದ 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು, ಆಡಿಟ್ ಆದ ಲೆಕ್ಕವನ್ನೂ ಜೊತೆಗಿಡಿ. ಮೂರ್ನಾಲ್ಕು ವರ್ಷ ಇದನ್ನು ಮರೆತ ಸಂಘಗಳು ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಹೋದಾಗ ಸಿಕ್ಕಿಬೀಳುತ್ತವೆ.

ಇನ್ನು ವಂತಿಗೆಯ ಲೆಕ್ಕ. ವಹಿವಾಟಿನ ಮೇಲೆ ಶೇಕಡಾ ಇಷ್ಟು ಎಂದು ಹೊರಟರೆ ಕೆಲಸ ಕೆಡುತ್ತದೆ. ಜೀವಂತ ಗಿಡಗಳಿಗೆ ಜಿಎಸ್‌ಟಿ ಇಲ್ಲ, ಬಹಳ ಕಡೆ ಬಿಲ್ಲೂ ಇಲ್ಲ. ಮಾರಿದ್ದೆಷ್ಟು, ಸತ್ತದ್ದೆಷ್ಟು ಎಂದು ಕೇಳಹೊರಟರೆ ಸದಸ್ಯರ ನಡುವೆ ಅನುಮಾನವೇ ಬೆಳೆಯುತ್ತದೆ. ಆಸ್ಟ್ರೇಲಿಯಾದವರು ಗಿಡದ ಗೋಜಿಗೇ ಹೋಗದೆ ಅದು ಬೆಳೆಯುವ ಕುಂಡದ ಮೇಲೆ ವಂತಿಗೆ ಹಾಕಿದರು, ಕುಂಡದ ಬೆಲೆಯ ಶೇ. 5. ನಮಗೂ ಇದೇ ಹೊಂದುತ್ತದೆ. ಸಸಿ ಬೆಳೆಸುವ ಪ್ಲಾಸ್ಟಿಕ್ ಕವರ್ ಕೊಂಡದ್ದಕ್ಕೆ ಅಂಗಡಿಯಲ್ಲಿ ಬಿಲ್ ಇರುತ್ತದೆ. ಕವರಿಗೆ 5 ಪೈಸೆ ಇಟ್ಟರೆ ವರ್ಷಕ್ಕೆ 2 ಲಕ್ಷ ಕವರ್ ತುಂಬುವ ನರ್ಸರಿ 10,000 ರೂಪಾಯಿ ಕೊಡುತ್ತದೆ. ಅಂಥ 40 ನರ್ಸರಿ ಸೇರಿದರೆ 4 ಲಕ್ಷ.

ತರಕಾರಿ ಸಸಿಯವರಿಗೆ ಈ ಲೆಕ್ಕ ಕೂಡುವುದಿಲ್ಲ, ಒಂದೇ ಪ್ರೋಟ್ರೇಯನ್ನು (ಸಸಿ ಎಬ್ಬಿಸುವ ಗುಳಿಗಳ ತಟ್ಟೆ) ಹಲವು ಸಲ ಬಳಸುತ್ತಾರೆ. ಅಲ್ಲಿ ಟ್ರೇಗೆ ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಲೆಕ್ಕ ಹಿಡಿಯಿರಿ. 98 ಗುಳಿಯ ಟ್ರೇಗೆ ಹದವಾಗಿ ನೆನೆದ ಕೋಕೋಪೀಟ್ ಸುಮಾರು 1.2 ಕೆಜಿ ಬೇಕು. ಅಂದರೆ ಒಂದು ಟನ್ನಿಗೆ ಸುಮಾರು 80,000 ಸಸಿ. ಟನ್ನಿಗೆ 400 ರೂಪಾಯಿ ಇಟ್ಟರೆ ಸಸಿಗೆ ಅರ್ಧ ಪೈಸೆ. ಕೋಕೋಪೀಟನ್ನು ಒಣ ಇಟ್ಟಿಗೆಯಾಗಿ ಕೊಳ್ಳುವವರಿಗೆ ಬೇರೆ ದರ ಬೇಕು, ನೆನೆದಾಗ ಅದು ಎಷ್ಟು ಹಿಗ್ಗುತ್ತದೆ ಎಂದು ಒಮ್ಮೆ ತೂಗಿ ನೋಡಿಯೇ ನಿಗದಿ ಮಾಡಿ.

ವಂತಿಗೆ ಎತ್ತುವುದು ಅಂಗಡಿಯವರ ಮೂಲಕ. ಸದಸ್ಯರೆಲ್ಲರ ಬೇಡಿಕೆ ಒಟ್ಟು ಮಾಡಿ ಎರಡು ಮೂರು ಅಂಗಡಿಗಷ್ಟೇ ಕೊಟ್ಟರೆ ಅವರು ದರವನ್ನೂ ಇಳಿಸುತ್ತಾರೆ, ರಸೀದಿ ಬುಕ್ಕನ್ನೂ ಇಟ್ಟುಕೊಳ್ಳುತ್ತಾರೆ. ಇಲ್ಲೊಂದು ಎಚ್ಚರ: ವಂತಿಗೆಯನ್ನು ಅಂಗಡಿಯ ಬಿಲ್ಲಿನೊಳಗೆ ಸೇರಿಸಬೇಡಿ. ಸೇರಿಸಿದರೆ ಕವರಿನ ಬೆಲೆಯ ಭಾಗವಾಗಿ ಅದರ ಮೇಲೂ ಜಿಎಸ್‌ಟಿ ಬೀಳುವ ಸಂಭವವಿದೆ. ಸಂಘದ ಹೆಸರಿನ ಬೇರೆ ರಸೀದಿ, ಪ್ರತಿ ತಿಂಗಳ 10ರೊಳಗೆ ಸಂಘದ ಖಾತೆಗೆ ಜಮೆ. ಕೃಷಿ, ವ್ಯಾಪಾರಗಳ ಏಳಿಗೆಗೆ ದುಡಿಯುವ ಲಾಭರಹಿತ ಸಂಸ್ಥೆಗೆ ಪ್ರತಿ ಸದಸ್ಯರಿಂದ ವರ್ಷಕ್ಕೆ 1,000 ರೂಪಾಯಿವರೆಗಿನ ಸದಸ್ಯತ್ವ ಶುಲ್ಕಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಅದನ್ನು ಮೀರಿದ ಮೊತ್ತವನ್ನು ಹೇಗೆ ತೋರಿಸಬೇಕೆಂದು ಮೊದಲ ರಸೀದಿ ಹರಿಯುವ ಮುಂಚೆಯೇ ಆಡಿಟರ ಹತ್ತಿರ ಬರೆಸಿಕೊಳ್ಳಿ.

ದರ ಏರಿಸುವ ಅಧಿಕಾರ ಯಾರದು? ಒಂದು ನರ್ಸರಿಗೆ ಒಂದು ಮತ ಎಂದರೆ ದೊಡ್ಡವರು ಬಿಟ್ಟು ಹೋಗುತ್ತಾರೆ, ಕೊಟ್ಟ ಹಣಕ್ಕೆ ತಕ್ಕ ಮತ ಎಂದರೆ ಸಣ್ಣವರು ಸಭೆಗೇ ಬರುವುದಿಲ್ಲ. ಎರಡೂ ಇರಲಿ: ಮತ ಹಾಕಿದವರ ತಲೆ ಎಣಿಕೆಯಲ್ಲೂ ಬಹುಮತ, ಅವರು ಕೊಟ್ಟ ವಂತಿಗೆಯ ಮೊತ್ತದಲ್ಲೂ ಬಹುಮತ. ಐದು ವರ್ಷಕ್ಕೊಮ್ಮೆ ‘ನಿಧಿ ಮುಂದುವರಿಯಲೋ ಬೇಡವೋ’ ಎಂಬ ಮತದಾನವನ್ನು ಬೈಲಾದಲ್ಲೇ ಬರೆದುಬಿಡಿ. ಬ್ರಿಟನ್ನಿನಲ್ಲಿ 2021ರಲ್ಲಿ ಮತಕ್ಕೆ ಹಾಕಿದಾಗ ಮತ ಚಲಾಯಿಸಿದ ತೋಟಗಾರಿಕೆ ಬೆಳೆಗಾರರಲ್ಲಿ ಶೇ. 61ರಷ್ಟು ಮಂದಿ ವಂತಿಗೆ ಬೇಡವೆಂದರು, ದಶಕಗಳ ವ್ಯವಸ್ಥೆ ನಿಂತುಹೋಯಿತು. ತಾನು ಕೊಟ್ಟ ಹಣ ಎಲ್ಲಿ ಹೋಯಿತೆಂಬುದು ಸದಸ್ಯನ ಕಣ್ಣಿಗೆ ಕಾಣುತ್ತಿರಬೇಕು.

ಹಾಗಾಗಿ ಮೊದಲ ವರ್ಷದ ಹಣದಲ್ಲಿ ಅರ್ಧವನ್ನು ರೋಗ ಪರೀಕ್ಷೆಗೇ ಇಡಿ. ಕಚೇರಿ ಖರ್ಚು ಶೇ. 10 ದಾಟಬಾರದು. ಸೀಬೆ ಸಸಿಗಳ ಬೇರುಗಂಟಿನ ಜಂತುಹುಳುವಿನಿಂದ ಶುರು ಮಾಡಿ, ಒಂದು ಸೋಂಕಿದ ಕವರು ಇಡೀ ತೋಟಕ್ಕೆ ಅದನ್ನು ಹೊತ್ತೊಯ್ಯುತ್ತದೆ. ಮಡಿಯ ಎರಡು ತುದಿ ಮತ್ತು ನಡುವಿನಿಂದ ಸಸಿ ಆರಿಸಿ, ಕವರ್ ಸೀಳಿ, ಬೇರನ್ನು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆಯಿರಿ. ಎಳೆ ಬೇರಿನಲ್ಲಿ ಮಣಿ ಪೋಣಿಸಿದಂಥ ಗಂಟು ಕಂಡರೆ ಆ ಮಡಿಯ ಮಾರಾಟ ನಿಲ್ಲಿಸಿ. ಕಾಣದಿದ್ದರೂ ಎಳೆ ಬೇರಿನ ಜೊತೆ ಕಾಲು ಕೆಜಿ ಒದ್ದೆ ಮಣ್ಣನ್ನು ಕಟ್ಟಿ, ಬಿಸಿಲು ತಾಗದಂತೆ ಪ್ರಯೋಗಾಲಯಕ್ಕೆ ಕಳಿಸಿ. ಒಣಗಿದ ಮಣ್ಣಿನಲ್ಲಿ ಹುಳು ಸತ್ತು, ಸೋಂಕಿದ್ದರೂ ಇಲ್ಲವೆಂಬ ವರದಿ ಬರುತ್ತದೆ.

ಕೆಲವರು ಗಡಿಯಾಚೆಯಿಂದ ಕವರ್ ತಂದು ವಂತಿಗೆ ತಪ್ಪಿಸುತ್ತಾರೆ. ಜಗಳ ಬೇಡ. ಪರೀಕ್ಷೆಯ ವರದಿ, ಸಸಿಗೆ ಹಚ್ಚುವ ಸಂಘದ ಹೆಸರಿನ ಚೀಟಿ, ಒಟ್ಟು ಖರೀದಿಯ ದರ ಇವು ರಸೀದಿ ಇದ್ದವರಿಗೆ ಮಾತ್ರ. ರೋಗದ ಮುನ್ನೆಚ್ಚರಿಕೆಯನ್ನು ಮಾತ್ರ ಸದಸ್ಯರಲ್ಲದವರಿಗೂ ಅದೇ ದಿನ ಕಳಿಸಿ, ಪಕ್ಕದ ನರ್ಸರಿಯ ಬಿಳಿನೊಣ ನಿಮ್ಮ ಟೊಮೆಟೊ ಸಸಿಗೂ ಹಾರಿ ಬರುತ್ತದೆ.