ಫಿನ್‌ಲ್ಯಾಂಡಿಗೆ ಹೊರಟ ದಾವಣಗೆರೆ ಮಂದಿಗೆ: ಬಟ್ಟೆ ಬಗ್ಗೆ ನಾಲ್ಕು ಮಾತು

ಮೊದಲೇ ಹೇಳಿಬಿಡುತ್ತೇನೆ, ಚೌಕಿಪೇಟೆಗೆ ಹೋಗಿ ಸೂಟ್‌ಕೇಸ್ ತುಂಬಾ ಸ್ವೆಟರ್ ಕೊಳ್ಳಬೇಡಿ. ನಮ್ಮೂರಲ್ಲಿ ಡಿಸೆಂಬರ್ ಬೆಳಗ್ಗೆ 15 ಡಿಗ್ರಿಗೆ ಇಳಿದರೆ ಹಿರಿಯರೆಲ್ಲ ಮಂಕಿ ಕ್ಯಾಪ್ ಹುಡುಕುತ್ತಾರೆ. ಆ ಚಳಿಗೆಂದು ಮಾರುವ ಜರ್ಕಿನ್ ಹೆಲ್ಸಿಂಕಿಯ ಮೈನಸ್ 15ಕ್ಕೆ ಯಾವ ಮೂಲೆಗೂ ಸಾಲುವುದಿಲ್ಲ. ಹಣ ಉಳಿಸಿಕೊಳ್ಳಿ, ಇಲ್ಲಿಗೆ ಬಂದು ಕೊಳ್ಳಿ.

ವಾಸದ ಪರವಾನಗಿ, ಬ್ಯಾಂಕ್ ಖಾತೆ ಇವನ್ನೆಲ್ಲ ಆಫೀಸಿನವರು ಹೇಳಿದಂತೆ ಮಾಡಿ. ತಡ ಆಗುತ್ತೆ, ಆದರೆ ಆಗುತ್ತೆ.

ನಮ್ಮ ಅಸಲಿ ತೊಂದರೆ ಹತ್ತಿ. ದಾವಣಗೆರೆ ದೊಡ್ಡದಾಗಿದ್ದೇ ಹತ್ತಿ ಗಿರಣಿಗಳಿಂದ ಅಲ್ವಾ? ಒಳ್ಳೇ ಬಟ್ಟೆ ಅಂದರೆ ಕಾಟನ್ ಅಂತಲೇ ನಮಗೆ ಅಭ್ಯಾಸ. ಏಪ್ರಿಲ್ ಬಿಸಿಲಿಗೆ ಅದು ಸರಿ. ಇಲ್ಲಿ ಮಾತ್ರ ಅದು ವೈರಿ. ಹತ್ತಿ ಬೆವರು ಕುಡಿಯುತ್ತೆ, ಬೇಗ ಒಣಗಲ್ಲ. ಬಸ್ಸಿಗೆ ಓಡಿ ಬೆವರಿ, ಬಸ್ ತಪ್ಪಿಸಿಕೊಂಡು ಸ್ಟಾಪಿನಲ್ಲಿ ನಿಂತಿರೋ, ಹೊಟ್ಟೆಗಲ್ಲ, ಬೆನ್ನಿಗೇ ತಣ್ಣೀರು ಬಟ್ಟೆ. ಕಾಟನ್ ಲೆಗ್ಗಿಂಗ್ಸ್ ಮೇಲೆ ಕಾಟನ್ ಸಲ್ವಾರ್ ಏರಿಸಿಕೊಂಡು ಜಾಣೆ ಅಂದುಕೊಂಡವಳು ನಾನೂ ಇದ್ದೇನೆ. ಅದರ ಮೇಲೆ ಜೀನ್ಸ್ ಬೇರೆ!

ಮೈಗೆ ತಾಗುವುದು ಮೆರಿನೋ ಅನ್ನುವ ನಯವಾದ ಕುರಿ ಉಣ್ಣೆಯ ತೆಳು ಥರ್ಮಲ್, ಅಂದರೆ ಮೈಗಂಟುವ ಬೆಚ್ಚನೆ ಒಳಉಡುಪು ಇರಲಿ. ಅದರ ಮೇಲೆ ಸ್ವೆಟರ್ ಅಥವಾ ಫ್ಲೀಸ್ ಅನ್ನುವ ಮೆತ್ತನೆ ಸಿಂಥೆಟಿಕ್ ಬಟ್ಟೆಯ ಅಂಗಿ. ಎಲ್ಲಕ್ಕಿಂತ ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಬಿಸಿ ಹಿಡಿದಿಡುವುದು ಈ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ. ಅದಕ್ಕೇ ಯಾವುದೂ ಬಿಗಿ ಇರಬಾರದು. ಬೂಟು ಕೂಡ ಒಂದು ಸೈಜ್ ದೊಡ್ಡದೇ ತಗೊಳ್ಳಿ, ದಪ್ಪ ಉಣ್ಣೆ ಸಾಕ್ಸ್ ಹಾಕಿ ಬೆರಳು ಆಡಿಸುವಂತಿರಬೇಕು. ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್ ಬೆಚ್ಚಗೆ. ಒಳಗೆ ಬಂದರೆ ಮನೆ, ಆಫೀಸು, ಅಂಗಡಿ ಎಲ್ಲಾ ಬೆಚ್ಚಗಿರುತ್ತವೆ, ಆದ್ದರಿಂದ ಒಂದೊಂದಾಗಿ ಕಳಚಲು ಬರುವಂತೆ ಹಾಕಿ. ಇನ್ನೊಂದು ಸಂತೋಷದ ವಿಷಯ, ಇಲ್ಲಿಯವರೂ ನಮ್ಮ ಹಾಗೇ ಬಾಗಿಲಲ್ಲೇ ಬೂಟು ಬಿಡುತ್ತಾರೆ. ತೂತು ಬಿದ್ದ ಸಾಕ್ಸ್ ಹಾಕಿಕೊಂಡು ಯಾರ ಮನೆಗೂ ಹೋಗಬೇಡಿ.

ಚಳಿಗಿಂತ ಕತ್ತಲು ಜಾಸ್ತಿ ಕಾಡುತ್ತದೆ. ಡಿಸೆಂಬರ್ ಕೊನೆಗೆ ಹೆಲ್ಸಿಂಕಿಯಲ್ಲಿ ಬೆಳಗ್ಗೆ 9 ಗಂಟೆ ದಾಟಿದ ಮೇಲೆ ಸೂರ್ಯ ಬರುತ್ತಾನೆ, ಮಧ್ಯಾಹ್ನ 3 ಕಾಲಿನ ಹೊತ್ತಿಗೆ ಹೋಗಿಬಿಡುತ್ತಾನೆ. ಹಿಮ ಬಿದ್ದರೆ ಬೀದಿ ಬೆಳ್ಳಗಾಗಿ ಸ್ವಲ್ಪ ಜೀವ ಬರುತ್ತೆ. ಹಿಮವೂ ಇಲ್ಲದ ನವೆಂಬರ್ ಮಳೆ ಇದೆಯಲ್ಲ, ಅದು ಶತ್ರುವಿಗೂ ಬೇಡ. ಅಂಥಾ ದಿನದಲ್ಲೂ ನಮ್ಮವರು "ಕೊಳೆ ಕಾಣಲ್ಲ" ಅಂತ ಕಪ್ಪು ಜಾಕೆಟ್ಟೇ ಕೊಳ್ಳುತ್ತಾರೆ! ಕಪ್ಪು ರಸ್ತೆ, ಕಪ್ಪು ಆಕಾಶ, ಕಪ್ಪು ಜಾಕೆಟ್. ಕಾರಿನವನಿಗೆ ನೀವು ಕಾಣುವುದಾದರೂ ಹೇಗೆ? ಕತ್ತಲಲ್ಲಿ ನಡೆಯುವಾಗ ಬೆಳಕಿಗೆ ಮಿನುಗುವ ರಿಫ್ಲೆಕ್ಟರ್ ಹಾಕುವುದನ್ನು ಮರೆಯಬೇಡಿ. ಗೂಬೆ, ಮೀನು, ಹೂವು, ಬೇಕಾದ ಆಕಾರದಲ್ಲಿ ಸಿಗುತ್ತೆ, ಜೇಬಿನ ಹತ್ತಿರ ದಾರ ಕಟ್ಟಿ ಇಳಿಬಿಡಿ. ನಾನು ಕೊನೆಗೆ ಅರಿಶಿನ ಬಣ್ಣದ ಜಾಕೆಟ್ ಕೊಂಡೆ. ಬೆಳಗ್ಗೆ ಎದ್ದು ಹೊರಡಲು ಅದೇ ಒಂದು ನೆಪ. ಟೋಪಿ, ಮಫ್ಲರ್‌ಗೆ ಮನಸ್ಸು ಬಂದ ಬಣ್ಣ ಹಾಕಿ, ಯಾರೂ ಏನೂ ಅನ್ನುವುದಿಲ್ಲ.

ರಾಜ್ಯೋತ್ಸವಕ್ಕೆ ಸೀರೆ ಹೇಗೆ ಅಂತ ಹೆಣ್ಣುಮಕ್ಕಳು ಕೇಳುತ್ತಾರೆ. ಲಂಗದೊಳಗೆ ಉಣ್ಣೆ ಥರ್ಮಲ್, ಕಾಲಿಗೆ ಬೂಟು, ಚಪ್ಪಲಿ ಚೀಲದಲ್ಲಿ. ಇಳಕಲ್ ಸೀರೆಗೆ ರವಿಕೆ ಬದಲು ಕತ್ತು ಮುಚ್ಚುವ ಕೆಂಪು ಸ್ವೆಟರ್ ಹಾಕಿ ನೋಡಿ, ಎಷ್ಟು ಚೆನ್ನಾಗಿ ಕಾಣುತ್ತೆ! ಅಮ್ಮನಿಗೆ ಫೋಟೋ ಕಳಿಸಬೇಡಿ ಅಷ್ಟೇ.

ಮಕ್ಕಳ ಬಟ್ಟೆ ಹೊಸದು ಬೇಕಿಲ್ಲ. ಕಿರ್ಪ್ಪುತೊರಿ ಅನ್ನುವ ಹಳೇ ಸಾಮಾನಿನ ಅಂಗಡಿಗಳಲ್ಲಿ ತಲೆಯೊಂದು ಬಿಟ್ಟು ಮೈಯೆಲ್ಲ ಮುಚ್ಚುವ ಹಾಲರಿ ಅಗ್ಗಕ್ಕೆ ಸಿಗುತ್ತದೆ. ಮರ್ಯಾದೆ ಹೋಗುತ್ತೆ ಅಂತ ಮುಖ ಸಿಂಡರಿಸಬೇಡಿ, ದೊಡ್ಡಮ್ಮನ ಮಕ್ಕಳ ಬಟ್ಟೆ ಹಾಕಿಕೊಂಡೇ ಬೆಳೆದವರು ನಾವು. ತಲೆ ಕಿವಿ ಕುತ್ತಿಗೆ ಒಟ್ಟಿಗೆ ಮುಚ್ಚುವ ಟೋಪಿಯನ್ನು ಇಲ್ಲಿನ ಕೂಸುಗಳೆಲ್ಲ ಹಾಕುತ್ತವೆ. ನಮ್ಮ ತಾತಂದಿರ ಮಂಕಿ ಕ್ಯಾಪೇ! ಡೇಕೇರ್‌ನವರು ಹಿಮದಲ್ಲೂ ಮಳೆಯಲ್ಲೂ ದಿನಾ ಮಕ್ಕಳನ್ನು ಹೊರಗೆ ಆಡಿಸುತ್ತಾರೆ. ಊರಿನಿಂದ ಅಜ್ಜಿ ವಿಡಿಯೋ ಕಾಲ್‌ನಲ್ಲಿ "ಕೂಸಿಗೆ ಶೀತ ಆಗುತ್ತೆ, ಒಳಗೆ ಕರ್ಕೊಳ್ಳೇ" ಅಂತ ಕೂಗುತ್ತಲೇ ಇರುತ್ತಾರೆ.

ನನ್ನ ಮಗಳು ನಾಲ್ಕು ವರ್ಷಕ್ಕೇ ಹಾಲರಿ, ಬೂಟು, ಮಿಟನ್ ಎಲ್ಲಾ ತಾನೇ ಹಾಕಿಕೊಳ್ಳುವುದು ಕಲಿತಳು, ಡೇಕೇರ್‌ನಲ್ಲಿ. ಹೆಮ್ಮೆ ಆಯ್ತು, ನಿಜ. ಆದರೆ ನನ್ನನ್ನು ಅಮ್ಮ ಎಣ್ಣೆ ನೀರೆರೆದು, ಪೌಡರ್ ಹಚ್ಚಿ, ದೃಷ್ಟಿಬೊಟ್ಟಿಟ್ಟು ಶಾಲೆಗೆ ಹೊರಡಿಸುತ್ತಿದ್ದದ್ದು ಎಷ್ಟು ದೊಡ್ಡವಳಾಗುವವರೆಗೆ! ಅವಳಿಗೆ ನನ್ನ ಕೈ ಅಷ್ಟು ಬೇಗ ಬೇಡವಾಯಿತು. ಊರಿಗೆ ಹೋದಾಗ ಡಿಸೆಂಬರ್ ಬೆಳಗ್ಗೆ ಫ್ರಾಕಿನಲ್ಲೇ ಅಂಗಳದಲ್ಲಿ ಓಡಾಡುತ್ತಾಳೆ, ಶಾಲು ಹೊದ್ದ ತಾತನನ್ನು ನೋಡಿ ನಗುತ್ತಾಳೆ. ನಮ್ಮೂರ ಚಳಿ ಅವಳಿಗೆ ಚಳಿಯೇ ಅಲ್ಲ.

ಊರಿಂದ ತರಲೇಬೇಕಾದದ್ದು ಒಂದೇ, ಚಳ್ಳಕೆರೆ ಕಡೆಯ ಕುರಿ ಉಣ್ಣೆ ಕಂಬಳಿ. ಹುಣಸೆ ಬೀಜದ ಗಂಜಿ ಹಾಕಿ ಕೈಮಗ್ಗದಲ್ಲಿ ನೇಯ್ದದ್ದು. ಹತ್ತಿ ಊರಿನ ನಮಗೆ ಪಕ್ಕದಲ್ಲೇ ಉಣ್ಣೆ ಊರೂ ಇತ್ತು, ನಾವೇ ಕಣ್ಣಿಟ್ಟು ನೋಡಲಿಲ್ಲ. ಕುರಿ ಕಾಯುವವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನಗಟ್ಟಲೆ ಹೊಲದಲ್ಲಿ ಇರುತ್ತಿದ್ದರು. ಉಣ್ಣೆ ನೆನೆದರೂ ಒಂದಿಷ್ಟು ಬಿಸಿ ಉಳಿಸಿಕೊಳ್ಳುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚುಚ್ಚುತ್ತೆ, ಒಪ್ಪುತ್ತೇನೆ. ತೆಳು ಬಟ್ಟೆ ಮೇಲೆ ಹೊದ್ದುಕೊಳ್ಳಿ. ತೂಕ ಇದೆ, ಅದನ್ನು ಇಟ್ಟರೆ ಉಪ್ಪಿನಕಾಯಿ ಡಬ್ಬಿ ಒಂದೆರಡು ಕಡಿಮೆ ಆಗುತ್ತವೆ. ಆ ವಿಷಯ ಅಮ್ಮನ ಹತ್ತಿರ ನೀವೇ ಮಾತಾಡಿಕೊಳ್ಳಿ.