ಅಪಾರ್ಟ್‌ಮೆಂಟ್ ಟೆರೇಸ್ ಮೇಲೆ ಸೋಲಾರ್: ಮೊದಲು ಠರಾವು, ಆಮೇಲೆ ಅಡ್ವಾನ್ಸ್

ಬೆಳಗಾವಿಯ ಟಿಳಕವಾಡಿಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಮೂವರು ಸೋಲಾರ್ ಹಾಕಿಸಲು ಹೊರಟರು. ಮೂವರದ್ದೂ ಒಂದೇ ತಪ್ಪು. ಮೊದಲು ಕಂಪನಿಯವರಿಗೆ ಅಡ್ವಾನ್ಸ್ ಕೊಟ್ಟರು, ಆಮೇಲೆ ಸಂಘದವರನ್ನು ಕೇಳಿದರು. ಒಬ್ಬರ ಪ್ಯಾನಲ್‌ಗಳು ಮಳೆಗಾಲ ಮುಗಿಯುವವರೆಗೂ ಪಾರ್ಕಿಂಗ್‌ನ ಗೋಡೆಗೆ ಒರಗಿಕೊಂಡೇ ನಿಂತಿದ್ದವು. ದಿನಾ ನೋಡಿ ಸಂಕಟವಾಗುತ್ತಿತ್ತು.

ಮೊದಲು ನಿಮ್ಮ ಡೀಡ್ ಆಫ್ ಡಿಕ್ಲರೇಷನ್ (ಯಾವ ಜಾಗ ಯಾರದ್ದು ಅಂತ ಬರೆದಿರುವ ನೋಂದಣಿ ಪತ್ರ) ಮತ್ತು ಸಂಘದ ನಿಯಮಗಳಿರುವ ಬೈಲಾ ತೆಗೆದು ಓದಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಲ್ಲಿ ಟೆರೇಸ್ ಎಲ್ಲರಿಗೂ ಸೇರಿದ ಜಾಗ. ಡೀಡ್‌ನಲ್ಲೇ ಬೇರೆ ಥರ ಬರೆದಿದ್ದರೆ ಮಾತ್ರ ಬೇರೆ. ಮೇಲಿನ ಮಹಡಿಯಲ್ಲಿದ್ದೇವೆ ಅಂದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ‘ಸೋಲಾರ್ ಹಾಕುವುದನ್ನು ಸಂಘ ತಡೆಯುವ ಹಾಗಿಲ್ಲ’ ಅಂತ ವಾಟ್ಸಾಪ್‌ನಲ್ಲಿ ಬರುತ್ತದಲ್ವಾ, ಅದು ಕ್ಯಾಲಿಫೋರ್ನಿಯಾದ 1978ರ ಕಾಯ್ದೆಯ ಮಾತು. ನಮ್ಮ ದೇಶದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಲ್ಲೂ ಚಾವಣಿ ಸೋಲಾರ್ ಹಕ್ಕು ಇದೆ. ಆದರೆ ಅದು ನಡೆಯುವುದು ನಮಗೆ ಕರೆಂಟ್ ಕೊಡುವ ಹೆಸ್ಕಾಂ ಎದುರು. ಪಕ್ಕದ ಮನೆಯವರ ಪಾಲಿನ ಜಾಗದ ಮೇಲೆ ನಡೆಯುವುದಿಲ್ಲ. ಹಾಗಾಗಿ ಸಭೆಗೆ ಹೋಗಿ ‘ನನ್ನ ಹಕ್ಕು’ ಅಂತ ಶುರು ಮಾಡಬೇಡಿ. ‘ಇಷ್ಟು ಜಾಗ ಬೇಕು’ ಅಂತ ಕೇಳಿ.

ಎಷ್ಟು ಜಾಗ? ಒಂದು ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ಹಿಡಿಯಿರಿ. ಬಾಯಲ್ಲಿ ಹೇಳಿದರೆ ಯಾರಿಗೂ ಅಂದಾಜು ಸಿಗುವುದಿಲ್ಲ. ನಾನು ಮಾಡಿದ್ದು ಹೀಗೆ: ಅಳತೆ ಟೇಪ್ ಹಿಡಿದು ಟೆರೇಸ್ ಮೇಲೆ 3 ಕಿಲೋವ್ಯಾಟ್‌ಗೆ ಬೇಕಾದ 300 ಚದರ ಅಡಿಯನ್ನು ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ತೋರಿಸಿದೆ. ಎರಡನೇ ಮಹಡಿಯ ವೈನಿ ‘ಹಪ್ಪಳ, ಕುರಡಿಗಿ ಎಲ್ಲಿ ಒಣಗಸೂದರಿ?’ ಅಂತ ಒಂದು ತಿಂಗಳಿಂದ ಒಪ್ಪಿರಲಿಲ್ಲ. ಗೆರೆಯ ಆಚೆ ಪೂರ್ವದ ಕಡೆ ಅಷ್ಟೂ ಜಾಗ ಖಾಲಿ ಉಳಿದದ್ದು ನೋಡಿ ಅವತ್ತೇ ಸಹಿ ಮಾಡಿದರು.

ಗೆರೆ ಎಳೆಯುವ ಮುಂಚೆ ನೆರಳು ನೋಡಿ. 10 ಅಡಿ ಎತ್ತರದ ನೀರಿನ ಟ್ಯಾಂಕಿನ ನೆರಳು ಮೇ ತಿಂಗಳ ನಡುಮಧ್ಯಾಹ್ನ ಬುಡದಲ್ಲೇ ಇರುತ್ತದೆ, ಡಿಸೆಂಬರ್‌ನಲ್ಲಿ ಅದೇ ಹೊತ್ತಿಗೆ ಉತ್ತರಕ್ಕೆ 8 ಅಡಿ ಚಾಚುತ್ತದೆ, ಬೆಳಿಗ್ಗೆ ಸಂಜೆ ಇನ್ನೂ ಜಾಸ್ತಿ. ಬೇಸಿಗೆಯಲ್ಲಿ ಬಂದು ಹತ್ತು ನಿಮಿಷದಲ್ಲಿ ಅಳತೆ ಮುಗಿಸಿ ಹೋಗುವವರನ್ನು ನಂಬಬೇಡಿ. ಟ್ಯಾಂಕ್ ಮತ್ತು ಲಿಫ್ಟ್ ರೂಮಿನ ದಕ್ಷಿಣಕ್ಕೆ ಜಾಗ ಸಿಕ್ಕರೆ ಅದನ್ನೇ ಕೇಳಿ. ಪ್ಯಾನಲ್‌ಗಳ ಮುಖವೂ ದಕ್ಷಿಣಕ್ಕೇ ಇರಬೇಕು.

ಇನ್ನು ಠರಾವು. ಜನ ಎಡವುವುದು ಇಲ್ಲೇ. ಅಧ್ಯಕ್ಷರು ‘ಹಾಕಸ್ಕೋರಿ’ ಅಂದರೆ ಸಾಲದು. ಮುಂದಿನ ವರ್ಷ ಅಧ್ಯಕ್ಷರು ಬದಲಾಗುತ್ತಾರೆ, ಪ್ಯಾನಲ್ ಮಾತ್ರ 25 ವರ್ಷ ಅಲ್ಲೇ ಇರುತ್ತದೆ. ಸಾಮಾನ್ಯ ಸಭೆಯ ಪುಸ್ತಕದಲ್ಲಿ ಬರೆಸಿ: ಯಾವ ಫ್ಲ್ಯಾಟ್, ಯಾವ ಮೂಲೆ, ಎಷ್ಟು ಅಡಿಗೆ ಎಷ್ಟು ಅಡಿ, ಕೇಬಲ್ ಯಾವ ಡಕ್ಟ್‌ನಲ್ಲಿ ಇಳಿಯುತ್ತದೆ, ವಾಟರ್‌ಪ್ರೂಫಿಂಗ್ ಮಾಡಿಸುವಾಗ ಪ್ಯಾನಲ್ ಎತ್ತಿಡುವ ಖರ್ಚು ಯಾರದ್ದು, ಫ್ಲ್ಯಾಟ್ ಮಾರಿದರೆ ಆ ಜಾಗ ಯಾರಿಗೆ. ನಾಳೆ ಬೇರೆಯವರೂ ಹಾಕಿಸುತ್ತೇವೆ ಅಂದರೆ ಅವರಿಗೆಷ್ಟು ಉಳಿಯುತ್ತದೆ ಅನ್ನುವುದೂ ಅದರಲ್ಲಿರಲಿ. 12 ಮನೆಗೆ ಬಿಸಿಲು ಬೀಳುವ ಜಾಗ 2,400 ಚದರ ಅಡಿ ಇದ್ದರೆ ಒಬ್ಬೊಬ್ಬರ ಪಾಲು 200 ಚದರ ಅಡಿ. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಹೆಸರು ಹಿಡಿದು ಒಪ್ಪಿಗೆ ಪಡೆಯಿರಿ. ಠರಾವಿನ ನಕಲಿಗೆ ಸಂಘದ ಸಿಕ್ಕಾ ಹಾಕಿಸಿ, ಜೊತೆಗೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ) ಪತ್ರ ತೆಗೆದುಕೊಳ್ಳಿ.

ಜಾಗವೇ ಸಾಲದಿದ್ದರೆ ಸಂಘದ ಹೆಸರಲ್ಲೇ ಹಾಕಿಸಿ, ಲಿಫ್ಟ್, ಬೋರ್, ಮೆಟ್ಟಿಲ ದೀಪದ ಮೀಟರ್‌ಗೆ ಜೋಡಿಸಿ. ನನ್ನನ್ನು ಕೇಳಿದರೆ ದೊಡ್ಡ ಅಪಾರ್ಟ್‌ಮೆಂಟಿಗೆ ಇದೇ ಒಳ್ಳೆಯದು, ಜಗಳವಿಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಸಂಘಗಳಿಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಬ್ಸಿಡಿ ಇದೆ. ಒಂದೇ ಮನೆಗಾದರೆ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಅಲ್ಲಿಗೆ 78,000. ಅದರ ಮೇಲೆ ಎಷ್ಟೇ ಹಾಕಿಸಿದರೂ ಅಷ್ಟೇ.

ಅರ್ಜಿ ಸುಲಭ: ಯೋಜನೆಯ ಪೋರ್ಟಲ್‌ನಲ್ಲಿ ಹೆಸ್ಕಾಂ ಬಿಲ್ಲಿನ ನಂಬರ್ ಹಾಕಿ, ಪಟ್ಟಿಯಲ್ಲಿರುವ ವೆಂಡರ್ ಆರಿಸಿ. 10 ಕಿಲೋವ್ಯಾಟ್‌ವರೆಗೆ ಪ್ರತ್ಯೇಕ ತಾಂತ್ರಿಕ ಪರಿಶೀಲನೆ ಬೇಕಿಲ್ಲ ಅಂತ 2024ರಲ್ಲೇ ನಿಯಮ ಬದಲಾಗಿದೆ.

ಪ್ಯಾನಲ್ ಕೊಳ್ಳುವಾಗ ಡಿಸಿಆರ್, ಅಂದರೆ ನಮ್ಮ ದೇಶದಲ್ಲೇ ತಯಾರಾದದ್ದು, ಅಂತ ಬಿಲ್ಲಿನಲ್ಲಿ ಬರೆಸಿ. ಸೆಲ್ ಕೂಡ ಇಲ್ಲೇ ತಯಾರಾಗಿರಬೇಕು, ಇಲ್ಲದಿದ್ದರೆ ಸಬ್ಸಿಡಿ ಇಲ್ಲ. ಬಣ್ಣ ಬಳಿದ ಸಾದಾ ಕಬ್ಬಿಣದ ಸ್ಟ್ಯಾಂಡ್ ಬೇಡವೇ ಬೇಡ, ಬೆಳಗಾವಿಯ ಮಳೆಗೆ ಬೇಗ ತುಕ್ಕು ಹಿಡಿಯುತ್ತದೆ. ಕಲಾಯಿ ಮಾಡಿದ ಜಿಐ ಸ್ಟ್ಯಾಂಡನ್ನೇ ಕೇಳಿ. ಸ್ಲ್ಯಾಬ್‌ಗೆ ಡ್ರಿಲ್ ಹೊಡೆಯಲು ಬಿಡಬೇಡಿ, ಗಾಳಿಗೆ ಏಳದಷ್ಟು ಭಾರದ ಕಾಂಕ್ರೀಟ್ ಬ್ಲಾಕ್ ಮೇಲೆ ನಿಲ್ಲಿಸಲಿ. ಒಮ್ಮೆ ಕೆಳಗಿನ ಮನೆ ಸೋರಿತೆಂದರೆ ಆ ಟೆರೇಸ್‌ನಲ್ಲಿ ಇನ್ಯಾರಿಗೂ ಅನುಮತಿ ಸಿಗುವುದಿಲ್ಲ. ಇನ್ನೊಂದು ವಿಷಯ, ಬ್ಯಾಟರಿ ಇಲ್ಲದ, ಹೆಸ್ಕಾಂ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್‌ನಲ್ಲಿ ಕೆಲಸ ಮಾಡುವವರ ಜೀವ ಉಳಿಸಲೆಂದೇ ಹಾಗೆ ಮಾಡಿರುತ್ತಾರೆ.

ನೆಟ್ ಮೀಟರ್ (ಲೈನಿನಿಂದ ಬಂದ ಕರೆಂಟ್, ಲೈನಿಗೆ ಹೋದ ಕರೆಂಟ್ ಎರಡನ್ನೂ ಅಳೆಯುವ ಮೀಟರ್) ಕೂರಿಸಿದ ದಿನ ಅದರ ರೀಡಿಂಗ್ ಫೋಟೋ ತೆಗೆದಿಡಿ. ಮೊದಲ ಬಿಲ್ ಬಂದಾಗ ಒಳಗೆ ಬಂದ ಯೂನಿಟ್, ಹೊರಗೆ ಹೋದ ಯೂನಿಟ್ ಎರಡನ್ನೂ ಅದರ ಜೊತೆ ತಾಳೆ ನೋಡಿ.