ಹಬ್ಬ ಯಾವತ್ತು? ಕಾಸರಗೋಡಿನ ಸೂರ್ಯೋದಯಕ್ಕೆ ಲೆಕ್ಕ ಹಾಕುವ ಕ್ರಮ

ಕಾಸರಗೋಡು, ಕುಂಬಳೆ, ಮಂಜೇಶ್ವರದ ಕನ್ನಡ ಮನೆಗಳಲ್ಲಿ ಮಂಗಳೂರು ಕಡೆಯ ಪಂಚಾಂಗವೂ ಮಲಯಾಳದ ಕ್ಯಾಲೆಂಡರೂ ಅಕ್ಕಪಕ್ಕ ತೂಗುವುದುಂಟು. ಘಟ್ಟದ ಮೇಲಿನ ನೆಂಟರು ಕೃಷ್ಣಾಷ್ಟಮಿ ಮುಗಿಸಿ ತಿಂಗಳಾದ ಮೇಲೆ ಇಲ್ಲಿ ಅಷ್ಟಮಿ ಬರುವ ವರ್ಷಗಳೂ ಇವೆ. ಇದರಲ್ಲಿ ಯಾರ ಲೆಕ್ಕವೂ ತಪ್ಪಲ್ಲ. ಹಬ್ಬದ ದಿನ ಗೊತ್ತುಮಾಡಲು ಮೂರು ವಿಷಯ ತಿಳಿಯಬೇಕು: ತಿಂಗಳು ಸೌರವೋ ಚಾಂದ್ರವೋ, ಹಿಡಿಯಬೇಕಾದದ್ದು ತಿಥಿಯೋ ನಕ್ಷತ್ರವೋ, ಅದು ದಿನದ ಯಾವ ಹೊತ್ತಿಗೆ ಇರಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಮೂರನೆಯದರಲ್ಲಿ.

ಮೊದಲು ತಿಂಗಳು. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದು ಸಂಕ್ರಮಣ. ಎರಡು ಸಂಕ್ರಮಣಗಳ ನಡುವಿನದು ಸೌರಮಾಸ. ತುಳುವಿನ ಪಗ್ಗು, ಬೇಶ, ಆಟಿ, ಸೋಣ, ಮಲಯಾಳದ ಮೇಡಂ, ಚಿಙ್ಙಂ ಎಲ್ಲ ಈ ಲೆಕ್ಕದವು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಹೋಗುವುದು ಚಾಂದ್ರಮಾಸ. ಅದರ ಸರಾಸರಿ 29.53 ದಿನ; ಹನ್ನೆರಡು ಸೇರಿದರೆ 354 ದಿನ, ಸೌರ ವರ್ಷಕ್ಕಿಂತ ಹನ್ನೊಂದು ಕಡಿಮೆ. ಹಾಗಾಗಿಯೇ ಚೌತಿ, ದೀಪಾವಳಿಗಳು ವರ್ಷವರ್ಷವೂ ಹನ್ನೊಂದು ದಿನದಷ್ಟು ಹಿಂದೆ ಸರಿಯುತ್ತವೆ, ಅಧಿಕಮಾಸ ಬಂದ ವರ್ಷ ಮುಂದಕ್ಕೆ ಹಾರುತ್ತವೆ. ಚೌತಿ 2024ರಲ್ಲಿ ಸೆಪ್ಟೆಂಬರ್ 7, 2025ರಲ್ಲಿ ಆಗಸ್ಟ್ 27, 2026ರಲ್ಲಿ ಸೆಪ್ಟೆಂಬರ್ 14.

ಅಧಿಕಮಾಸ ಗುರುತಿಸುವುದು ಸುಲಭ. ಪಂಚಾಂಗದಲ್ಲಿ ಎರಡು ಅಮಾವಾಸ್ಯೆಗಳು ಮುಗಿಯುವ ಗಳಿಗೆಗೆ ಗುರುತು ಹಾಕಿ, ನಡುವೆ ಸಂಕ್ರಮಣ ಇದೆಯೇ ನೋಡಿ. ಇಲ್ಲದಿದ್ದರೆ ಆ ತಿಂಗಳು ಅಧಿಕ. 2026ರ ಮೇ 17ರ ನಸುಕಿನಲ್ಲಿ ಒಂದು ಅಮಾವಾಸ್ಯೆ ಮುಗಿಯುತ್ತದೆ, ಮುಂದಿನದು ಜೂನ್ 15ರ ಬೆಳಿಗ್ಗೆ ಎಂಟೂವರೆಯೊಳಗೆ. ಮಿಥುನ ಸಂಕ್ರಮಣ ಅದೇ ಜೂನ್ 15ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ. ನಾಲ್ಕೂವರೆ ಗಂಟೆಯ ಅಂತರದಲ್ಲಿ ಸಂಕ್ರಮಣ ತಪ್ಪಿತು, ಅಧಿಕ ಜ್ಯೇಷ್ಠವಾಯಿತು. ತಾರೀಕು ಮಾತ್ರ ನೋಡಿ ಲೆಕ್ಕ ಹಾಕಿದವರು ಎಡವುವುದು ಇಂಥಲ್ಲೇ. ಗಂಟೆ ನಿಮಿಷ ಬರೆದುಕೊಳ್ಳಲೇಬೇಕು.

ಅಷ್ಟಮಿಯ ಗೊಂದಲಕ್ಕೂ ಉತ್ತರ ಇಲ್ಲೇ ಇದೆ. ಚಾಂದ್ರಮಾನದವರಿಗೆ ಶ್ರಾವಣ ಬಹುಳ ಅಷ್ಟಮಿ. ಉಡುಪಿಯಿಂದ ಇತ್ತ ಕರಾವಳಿಯಲ್ಲಿ ಸಿಂಹಮಾಸದ, ಅಂದರೆ ಸೋಣದ, ಬಹುಳ ಅಷ್ಟಮಿ, ರೋಹಿಣಿ ಕೂಡಿದರೆ ಉತ್ತಮ. 2025ರ ಆಗಸ್ಟ್ 16ರಂದು ಅಷ್ಟಮಿ ಇತ್ತು, ಆದರೆ ಸೂರ್ಯ ಕರ್ಕಾಟಕದಲ್ಲೇ ಇದ್ದ. ಸಿಂಹ ಸಂಕ್ರಮಣವಾದದ್ದು 17ಕ್ಕೆ. ಒಂದು ದಿನದ ವ್ಯತ್ಯಾಸಕ್ಕೆ ಇಲ್ಲಿನ ಅಷ್ಟಮಿ ಸೆಪ್ಟೆಂಬರ್ 14ಕ್ಕೆ ಹೋಯಿತು. 2026ರಲ್ಲಿ ಅಧಿಕಮಾಸದ ದೆಸೆಯಿಂದ ಶ್ರಾವಣವೇ ತಡ, ಆದ್ದರಿಂದ ಎರಡೂ ಲೆಕ್ಕಕ್ಕೆ ಸೆಪ್ಟೆಂಬರ್ ಮೊದಲ ವಾರದ ಅದೇ ಅಷ್ಟಮಿ ಸಿಗುತ್ತದೆ. ಓಣಂಗೆ ತಿಥಿ ಬೇಡ: ಸಿಂಹಮಾಸದ ಶ್ರವಣ ನಕ್ಷತ್ರ ಸಾಕು.

ಇನ್ನು ತಿಥಿ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ ಕಳೆಯಿತು. ಚಂದ್ರನ ವೇಗ ಒಂದೇ ಸಮ ಇಲ್ಲದ ಕಾರಣ ತಿಥಿ ಸುಮಾರು 20 ಗಂಟೆಗೂ ಇಳಿಯಬಹುದು, 26 ಮುಕ್ಕಾಲು ಗಂಟೆಗೂ ಏರಬಹುದು. ಹಳೆಯ ಗಣಿತದ ಪಂಚಾಂಗಗಳು ಬಾಣವೃದ್ಧಿ ರಸಕ್ಷಯ ಎನ್ನುತ್ತವೆ: 60 ಘಳಿಗೆಗೆ (24 ಗಂಟೆಗೆ) ಐದು ಹೆಚ್ಚು, ಆರು ಕಡಿಮೆ. ಆಕಾಶದಲ್ಲಿ ಕಾಣುವ ಸ್ಥಾನಕ್ಕೆ ಹೊಂದಿಸಿದ ದೃಗ್ಗಣಿತದಲ್ಲಿ ಈ ಏರಿಳಿತ ಇನ್ನೂ ದೊಡ್ಡದು, ಏಳು ಹೆಚ್ಚು, ಹತ್ತು ಕಡಿಮೆ. ಎರಡು ಪಂಚಾಂಗಗಳ ನಡುವೆ ತಿಥಿಯ ಅಂತ್ಯಕ್ಕೆ ಗಂಟೆಗಟ್ಟಲೆ ಅಂತರ ಬರುವುದು ಇದರಿಂದ. ಮಠ, ದೇವಸ್ಥಾನ, ಮನೆತನ ಯಾವ ಪಂಚಾಂಗ ಹಿಡಿದಿದೆಯೋ ಅದನ್ನೇ ವರ್ಷವಿಡೀ ಹಿಡಿಯಿರಿ. ಚೌತಿಗೆ ಒಂದು, ಏಕಾದಶಿಗೆ ಇನ್ನೊಂದು ಎಂದು ಅನುಕೂಲ ನೋಡಿ ಬದಲಿಸುವುದು ಸಲ್ಲ.

ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗಿರುವುದು ಸೂರ್ಯೋದಯಕ್ಕಿರುವ ತಿಥಿ. ಅದನ್ನೇ ಹಬ್ಬದ ತಿಥಿ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಶಿವರಾತ್ರಿಗೆ ಚತುರ್ದಶಿ ಬೇಕಾದದ್ದು ನಿಶೀಥದಲ್ಲಿ, ಅಂದರೆ ರಾತ್ರಿಯನ್ನು ಹದಿನೈದು ಪಾಲು ಮಾಡಿದಾಗ ಎಂಟನೆಯ ಪಾಲಿನಲ್ಲಿ. ಫೆಬ್ರವರಿಯಲ್ಲಿ ಇಲ್ಲಿಗೆ ಅದು ರಾತ್ರಿ 12.20ರಿಂದ 1.10ರ ಆಸುಪಾಸು. 2026ರಲ್ಲಿ ಚತುರ್ದಶಿ ಫೆಬ್ರವರಿ 15ರ ಸಂಜೆ ಐದಕ್ಕೆ ಹಿಡಿದು 16ರ ಸಂಜೆ ಐದೂವರೆಗೆ ಬಿಡುತ್ತದೆ. ಚೌಕದಲ್ಲಿ ಚತುರ್ದಶಿ ಕಾಣುವುದು 16ಕ್ಕೆ, ಜಾಗರಣೆ ಮಾತ್ರ 15ರ ರಾತ್ರಿ.

ಚೌತಿಗೆ ಮಧ್ಯಾಹ್ನ ಮುಖ್ಯ. ಗಡಿಯಾರದ ಹನ್ನೆರಡಲ್ಲ, ಹಗಲನ್ನು ಐದು ಪಾಲು ಮಾಡಿದರೆ ಪ್ರಾತಃ, ಸಂಗವ, ಮಧ್ಯಾಹ್ನ, ಅಪರಾಹ್ಣ, ಸಾಯಾಹ್ನ. 2025ರ ಲೆಕ್ಕ ಮಾಡಿ ನೋಡೋಣ. ಆಗಸ್ಟ್ ಕೊನೆಗೆ ಕಾಸರಗೋಡಿನಲ್ಲಿ ಸೂರ್ಯೋದಯ ಸುಮಾರು 6.19, ಅಸ್ತ 6.44. ಹಗಲು 12 ಗಂಟೆ 25 ನಿಮಿಷ, ಐದನೇ ಒಂದು ಪಾಲು 2 ಗಂಟೆ 29 ನಿಮಿಷ. ಎರಡು ಪಾಲು ಕಳೆದು ಮಧ್ಯಾಹ್ನ ಶುರುವಾಗುವುದು 11.17ಕ್ಕೆ, ಮುಗಿಯುವುದು 1.46ಕ್ಕೆ. ದೃಗ್ಗಣಿತದಂತೆ ಚೌತಿ ಹಿಡಿದದ್ದು 26ರ 1.54ಕ್ಕೆ. ಎಂಟು ನಿಮಿಷಕ್ಕೆ ಆ ದಿನದ ಮಧ್ಯಾಹ್ನ ತಪ್ಪಿತು. 27ರಂದು ತಿಥಿ 3.44ರವರೆಗೂ ಇತ್ತು, ಮಧ್ಯಾಹ್ನ ಪೂರ್ತಿ ಸಿಕ್ಕಿತು, ಹಬ್ಬ 27ಕ್ಕೆ. ಎರಡೂ ದಿನ ಮಧ್ಯಾಹ್ನಕ್ಕೆ ಪೂರ್ತಿ ಇದ್ದರೆ, ಅಥವಾ ಎರಡೂ ದಿನ ಇಲ್ಲದೇ ಹೋದರೆ, ತದಿಗೆ ಕೂಡಿದ ಮೊದಲ ದಿನವನ್ನೇ ತೆಗೆದುಕೊಳ್ಳುವುದು ಶಾಸ್ತ್ರ.

ಪಂಚಾಂಗದಲ್ಲಿ ಘಳಿಗೆ ವಿಘಳಿಗೆ ಕೊಟ್ಟಿದ್ದರೆ ಗಂಟೆಗೆ ತಿರುಗಿಸಬೇಕು. ಒಂದು ಘಳಿಗೆ 24 ನಿಮಿಷ, ಒಂದು ವಿಘಳಿಗೆ 24 ಸೆಕೆಂಡು. 23 ಘಳಿಗೆ 32 ವಿಘಳಿಗೆ ಎಂದಿದ್ದರೆ 552 ನಿಮಿಷಕ್ಕೆ 13 ಸೇರಿ 565, ಅಂದರೆ 9 ಗಂಟೆ 25 ನಿಮಿಷ. ಸೂರ್ಯೋದಯದ 6.19ಕ್ಕೆ ಕೂಡಿಸಿದರೆ 3.44. ಎಚ್ಚರ ಬೇಕಾದದ್ದು ಇಲ್ಲೊಂದು ಕಡೆ: ಘಳಿಗೆ ಲೆಕ್ಕ ಆ ಪಂಚಾಂಗ ಯಾವ ಊರಿಗೆ ಮಾಡಿದ್ದೋ ಆ ಊರಿನ ಸೂರ್ಯೋದಯದಿಂದ. ಬೆಂಗಳೂರಿನ ನೆತ್ತಿಗಿಂತ ನಮ್ಮ ನೆತ್ತಿಗೆ ಸೂರ್ಯ ಹತ್ತು ನಿಮಿಷ ತಡವಾಗಿ ಬರುತ್ತಾನೆ. ಅಲ್ಲಿನ ಘಳಿಗೆಯನ್ನು ಇಲ್ಲಿನ ಉದಯಕ್ಕೆ ಕೂಡಿಸಿದರೆ ತಿಥಿ ಅಷ್ಟು ಮುಂದೆ ಹೋಗುತ್ತದೆ. ಗಂಟೆ ನಿಮಿಷದಲ್ಲಿ ಅಚ್ಚಾದ ತಿಥ್ಯಂತ್ಯಕ್ಕೆ ಈ ತೊಂದರೆ ಇಲ್ಲ, ಅದು ದೇಶಕ್ಕೆಲ್ಲ ಒಂದೇ. ಊರಿಂದೂರಿಗೆ ಬದಲಾಗುವುದು ಉದಯ, ಅಸ್ತ, ಮಧ್ಯಾಹ್ನ. 2025ರ ಅಕ್ಟೋಬರ್ 21ರಂದು ದೀಪಾವಳಿಯ ಅಮಾವಾಸ್ಯೆ ಸಂಜೆ 5.54ಕ್ಕೆ ಬಿಟ್ಟಿತು. ಕಾಸರಗೋಡಿನಲ್ಲಿ ಸೂರ್ಯ ಮುಳುಗಿದ್ದು ಆರು ದಾಟಿದ ಮೇಲೆ, ಹಾಗಾಗಿ ಪ್ರದೋಷಕ್ಕೆ, ಅಂದರೆ ಸೂರ್ಯಾಸ್ತದ ಬೆನ್ನಿಗೆ ಬರುವ ಹೊತ್ತಿಗೆ, ಅಮಾವಾಸ್ಯೆ 20ಕ್ಕೆ ಮಾತ್ರ ಸಿಕ್ಕಿತು. ಐದರ ಸುಮಾರಿಗೇ ಸೂರ್ಯ ಮುಳುಗುವ ಕೊಲ್ಕತ್ತಾದಲ್ಲಿ 21ರ ಪ್ರದೋಷಕ್ಕೂ ಅದು ಇತ್ತು.

ಏಕಾದಶಿ ಎರಡು ದಿನ ಬರುವುದು ಅರುಣೋದಯದಿಂದ. ಸೂರ್ಯೋದಯಕ್ಕಿಂತ ನಾಲ್ಕು ಘಳಿಗೆ, ಅಂದರೆ 96 ನಿಮಿಷ ಮೊದಲು ದಶಮಿ ಇನ್ನೂ ಉಳಿದಿದ್ದರೆ ವೈಷ್ಣವರಿಗೆ ಅದು ವಿದ್ಧ, ಅಂದರೆ ದಶಮಿ ತಾಗಿ ಕೆಟ್ಟದ್ದು. ಅವರ ಉಪವಾಸ ಮರುದಿನ. ಸ್ಮಾರ್ತರು ಸೂರ್ಯೋದಯಕ್ಕೆ ಏಕಾದಶಿ ಇದೆಯೇ ಎಂದು ನೋಡುತ್ತಾರೆ. ಒಂದೇ ಕೇರಿಯ ಎರಡು ಮನೆಗಳಲ್ಲಿ ಎರಡು ದಿನ ಉಪವಾಸ ನಡೆದರೂ ಇಬ್ಬರದ್ದೂ ಸರಿಯೇ.

ಬಿಸುವಿನ (ಮಲಯಾಳದ ವಿಷು, ಸೌರ ಯುಗಾದಿ) ಕಣಿ, ಅಂದರೆ ಎದ್ದೊಡನೆ ಕಾಣುವ ಮಂಗಳ ವಸ್ತುಗಳನ್ನು, ನೋಡುವುದು ಮುಂಜಾನೆ, ಆದ್ದರಿಂದ ಮೇಷ ಸಂಕ್ರಮಣ ಕಳೆದ ನಂತರದ ಮೊದಲ ಉದಯ ಬೇಕು. 2026ರಲ್ಲಿ ಸಂಕ್ರಮಣ ಏಪ್ರಿಲ್ 14ರ ಬೆಳಿಗ್ಗೆ ಒಂಬತ್ತೂವರೆ ದಾಟಿ. ಹಗಲಿನ ಐದರಲ್ಲಿ ಮೂರು ಪಾಲು ಮುಗಿಯುವ ಮೊದಲೇ ಆದ್ದರಿಂದ ಮಲಯಾಳದ ಮೇಡಂ ಒಂದು 14ಕ್ಕೇ. ಆದರೆ ಮಲಯಾಳದ ವಿಷುಕ್ಕಣಿ 15ಕ್ಕೆ.

ತಳಂಗರೆಯ ಮಾಲಿಕ್ ದೀನಾರ್ ಮಸೀದಿಯ ಕಡೆ ಈದ್ ನಿರ್ಣಯವಾಗುವುದು ಚಂದ್ರದರ್ಶನದಿಂದ. ತಿಂಗಳ 29ನೆಯ ಸಂಜೆ ಪಡುವಣದಲ್ಲಿ ಬಾಲಚಂದ್ರ ಕಂಡರೆ ಮರುದಿನ ಹೊಸ ತಿಂಗಳು, ಕಾಣದಿದ್ದರೆ 30 ತುಂಬಿಸಬೇಕು. ಅಲ್ಲಿ ಅಧಿಕಮಾಸ ಇಲ್ಲ, ಹಾಗಾಗಿ ಹಬ್ಬ ಸುಮಾರು 33 ವರ್ಷಕ್ಕೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಬೇಳದ ಇಗರ್ಜಿಯವರ ಈಸ್ಟರ್‌ಗೆ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಹುಣ್ಣಿಮೆ ಆಕಾಶದ್ದಲ್ಲ, ಚರ್ಚಿನ ಕೋಷ್ಟಕದ್ದು. ಇಸವಿಯನ್ನು 19ರಿಂದ ಭಾಗಿಸಿ ಶೇಷಕ್ಕೆ ಒಂದು ಕೂಡಿಸಿ: 2026ಕ್ಕೆ 13. ಕೋಷ್ಟಕದಲ್ಲಿ 13ಕ್ಕೆ ಏಪ್ರಿಲ್ 2, ಗುರುವಾರ. ಈಸ್ಟರ್ ಏಪ್ರಿಲ್ 5, ಶುಭ ಶುಕ್ರವಾರ 3, ಬೂದಿ ಬುಧವಾರ ಈಸ್ಟರ್‌ನಿಂದ 46 ದಿನ ಹಿಂದಕ್ಕೆ ಎಣಿಸಿದರೆ ಫೆಬ್ರವರಿ 18.